ಕೆಪಾಸಿಟರ್ ಬದಲಾವಣೆ: ಹಳೆಯ ಎಲೆಕ್ಟ್ರಾನಿಕ್ ಉಪಕರಣಗಳ ದುರಸ್ತಿಯೂ ಅದರ ಲೆಕ್ಕಾಚಾರವೂ

ಚಾವಣಿಯ ಫ್ಯಾನ್ ನಿಧಾನವಾಗಿ ತಿರುಗತೊಡಗಿದರೆ ಅದನ್ನು ಯಾರೂ ಗುಜರಿಗೆ ಹಾಕುವುದಿಲ್ಲ. ಬೀದಿಯ ತುದಿಯ ಎಲೆಕ್ಟ್ರಿಷಿಯನ್ ಬರುತ್ತಾನೆ, ‘ಕಂಡೆನ್ಸರ್ ಹೋಗಿದೆ’ ಎನ್ನುತ್ತಾನೆ, ಎರಡೂವರೆ ಮೈಕ್ರೋಫ್ಯಾರಡಿನ ಹೊಸದೊಂದನ್ನು ಜೋಡಿಸುತ್ತಾನೆ. ಫ್ಯಾನ್ ಮೊದಲಿನಂತೆ ತಿರುಗುತ್ತದೆ. ಮನೆಯಲ್ಲಿ ಇಷ್ಟು ಸಹಜವಾಗಿರುವ ಈ ವಿವೇಕವು ಕಾರ್ಖಾನೆಯ ಅಥವಾ ಕಚೇರಿಯ ಹೊಸ್ತಿಲು ದಾಟಿದೊಡನೆ ಏಕೋ ಮರೆಯಾಗುತ್ತದೆ. ಅಲ್ಲಿ ಯಂತ್ರದ ನಿಯಂತ್ರಕ ಬೋರ್ಡು ನಿಂತಿತೆಂದರೆ, ಮೋಟಾರಿನ ಡ್ರೈವ್ ಕೈಕೊಟ್ಟಿತೆಂದರೆ, ಯುಪಿಎಸ್ ಮೌನವಾಯಿತೆಂದರೆ, ಮೊದಲು ಬರುವುದು ಹೊಸದಕ್ಕೆ ದರಪಟ್ಟಿ ತರಿಸುವ ಮಾತು. ಬೋರ್ಡಿನ ಮೇಲೆ ಉಬ್ಬಿ ಕುಳಿತಿರುವ ಹತ್ತಿಪ್ಪತ್ತು ರೂಪಾಯಿಯ ಬಿಡಿಭಾಗವೊಂದು ಈ ಎಲ್ಲ ಖರ್ಚಿಗೆ ಕಾರಣವಾಗಿರಬಹುದೆಂಬ ಸಂಶಯ ಬಹುಮಂದಿಗೆ ಬರುವುದೇ ಇಲ್ಲ.

ಕೆಪಾಸಿಟರ್ ಎಂಬ ಹೆಸರು ಉದ್ದಿಮೆದಾರರಿಗೆ ಹೊಸದೇನೂ ಅಲ್ಲ. ಪವರ್ ಫ್ಯಾಕ್ಟರ್ ಕುಸಿದಾಗ ವಿದ್ಯುತ್ ಬಿಲ್ಲಿನಲ್ಲಿ ಕಾಣಿಸುವ ಹೆಚ್ಚುವರಿ ಶುಲ್ಕವನ್ನು ತಪ್ಪಿಸಲು ಮೀಟರ್ ಕೋಣೆಯಲ್ಲಿ ಕೆಪಾಸಿಟರ್ ಪ್ಯಾನೆಲ್ ಇಟ್ಟವರೇ ಹೆಚ್ಚು. ಇಲ್ಲಿ ಪ್ರಸ್ತುತವಾಗಿರುವುದು ಅದರ ಚಿಕ್ಕ ಬಂಧು. ಎಲೆಕ್ಟ್ರಾನಿಕ್ ಬೋರ್ಡುಗಳ ಮೇಲೆ ಸಣ್ಣ ಡಬ್ಬಿಯಂತೆ ನೆಟ್ಟಗೆ ನಿಂತಿರುವ ಅಲ್ಯೂಮಿನಿಯಂ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್. ಉಪಕರಣದ ಉಳಿದ ಭಾಗಗಳು ದಶಕಗಳ ಕಾಲ ಬಾಳಬಲ್ಲವು. ಈ ಡಬ್ಬಿ ಮಾತ್ರ ತಯಾರಾದ ದಿನದಿಂದಲೇ ಎಣಿಕೆಯ ಆಯುಷ್ಯವನ್ನು ಹೊತ್ತು ಬಂದಿರುತ್ತದೆ.

ಡಬ್ಬಿಯೊಳಗೆ ಏನಿದೆ

ಇದರ ಕೆಲಸವನ್ನು ಮನೆಯ ಮೇಲಿನ ನೀರಿನ ಟ್ಯಾಂಕಿಗೆ ಹೋಲಿಸಬಹುದು. ನಲ್ಲಿಯಲ್ಲಿ ನೀರು ಬಿಟ್ಟುಬಿಟ್ಟು ಬಂದರೂ ಟ್ಯಾಂಕ್ ಇರುವುದರಿಂದ ಮನೆಯೊಳಗೆ ಧಾರೆ ಒಂದೇ ಸಮನಾಗಿರುತ್ತದೆ. ನಮ್ಮ ವಿದ್ಯುತ್ ಸರಬರಾಜು ಸೆಕೆಂಡಿಗೆ 50 ಆವರ್ತಗಳದು. ಅದನ್ನು ಏಕಮುಖ ವಿದ್ಯುತ್ತಾಗಿ ಪರಿವರ್ತಿಸಿದಾಗ ಸೆಕೆಂಡಿಗೆ 100 ಬಾರಿ ಏರಿಳಿಯುವ ಅಲೆಗಳು ದೊರೆಯುತ್ತವೆ. ಈ ಏರಿಳಿತವನ್ನು ಸೂಕ್ಷ್ಮ ಬಿಡಿಭಾಗಗಳು ಸಹಿಸಲಾರವು. ಅಲೆ ಏರಿದಾಗ ತುಂಬಿಕೊಂಡು, ಇಳಿದಾಗ ಬಿಟ್ಟುಕೊಟ್ಟು, ಮಟ್ಟವನ್ನು ಸ್ಥಿರವಾಗಿಡುವುದು ಕೆಪಾಸಿಟರಿನ ಹೊಣೆ. ಟ್ಯಾಂಕಿನಲ್ಲಿ ಹೂಳು ತುಂಬಿದರೆ ಅಥವಾ ಕೊಳವೆ ಕಟ್ಟಿಕೊಂಡರೆ ಮನೆಯೊಳಗೆ ಆಗುವ ಅವಸ್ಥೆಯೇ ಕೆಪಾಸಿಟರ್ ಹಳತಾದಾಗ ಉಪಕರಣದೊಳಗೆ ಆಗುತ್ತದೆ.

ಡಬ್ಬಿಯನ್ನು ಕತ್ತರಿಸಿ ನೋಡಿದರೆ ಅಲ್ಯೂಮಿನಿಯಂ ಹಾಳೆಗಳೆರಡು, ಅವುಗಳ ನಡುವೆ ದ್ರವದಲ್ಲಿ ನೆನೆಸಿದ ಕಾಗದ, ಇಷ್ಟನ್ನೂ ಒಟ್ಟಿಗೆ ಸುತ್ತಿದ ಸುರುಳಿ ಕಾಣುತ್ತದೆ. ಒಂದು ಹಾಳೆಯ ಮೇಲ್ಮೈಯನ್ನು ರಾಸಾಯನಿಕವಾಗಿ ಕೊರೆದು ಒರಟಾಗಿಸಿ, ಅದರ ಮೇಲೆ ಅತ್ಯಂತ ತೆಳುವಾದ ಆಕ್ಸೈಡ್ ಪದರವನ್ನು ಬೆಳೆಸಿರುತ್ತಾರೆ. ಆ ಪದರವೇ ನಿಜವಾದ ತಡೆಗೋಡೆ. ನೆನೆದ ಕಾಗದದ ದ್ರವವು ವಿದ್ಯುತ್ತನ್ನು ಸಾಗಿಸುವುದಲ್ಲದೆ ಆಕ್ಸೈಡ್ ಪದರದಲ್ಲಿ ಬಿರುಕು ಬಿದ್ದರೆ ಅದನ್ನು ತುಂಬಿಸುತ್ತದೆ. ಡಬ್ಬಿಯ ಬುಡದಲ್ಲಿ ರಬ್ಬರಿನ ಬಿರಡೆಯಿದ್ದು, ಅದರ ಮೂಲಕ ವರ್ಷಾನುಗಟ್ಟಲೆ ದ್ರವವು ಆವಿಯಾಗಿ ಸ್ವಲ್ಪಸ್ವಲ್ಪವೇ ಹೊರಹೋಗುತ್ತಿರುತ್ತದೆ. ದ್ರವ ಕಡಿಮೆಯಾದಂತೆ ಕೆಪಾಸಿಟರಿನ ಆಂತರಿಕ ರೋಧ ಏರುತ್ತದೆ. ರೋಧ ಏರಿದರೆ ಒಳಗೆ ಶಾಖ ಹೆಚ್ಚುತ್ತದೆ. ಶಾಖ ಹೆಚ್ಚಿದರೆ ದ್ರವ ಇನ್ನಷ್ಟು ಬೇಗ ಆರುತ್ತದೆ. ಸಾಲದ ಮೇಲಿನ ಚಕ್ರಬಡ್ಡಿಯಂತೆ, ಕೊನೆಕೊನೆಗೆ ಪತನ ಬಲು ಶೀಘ್ರ.

ಈ ಆಯುಷ್ಯವನ್ನು ಲೆಕ್ಕ ಹಾಕಲು ಎಂಜಿನಿಯರುಗಳು ಸುಲಭವಾದ ಸೂತ್ರವೊಂದನ್ನು ಬಳಸುತ್ತಾರೆ. ಉಷ್ಣತೆಯು 10 ಡಿಗ್ರಿ ಸೆಲ್ಸಿಯಸ್ ಇಳಿದಂತೆಲ್ಲ ಆಯುಷ್ಯ ಸರಿಸುಮಾರು ಇಮ್ಮಡಿಯಾಗುತ್ತದೆ. 10 ಡಿಗ್ರಿ ಏರಿದರೆ ಅರ್ಧವಾಗುತ್ತದೆ. ಡಬ್ಬಿಯ ಮೇಲೆ 105 ಡಿಗ್ರಿ ಎಂದು ಮುದ್ರಿತವಾಗಿದ್ದು, ತಯಾರಕರ ಪಟ್ಟಿಯಲ್ಲಿ 2,000 ಗಂಟೆ ಎಂದಿದ್ದರೆ, 105 ಡಿಗ್ರಿಯಲ್ಲಿ ಸತತ 2,000 ಗಂಟೆ ಬಾಳುತ್ತದೆ ಎಂದರ್ಥ. ಅದೇ ಕೆಪಾಸಿಟರ್ 65 ಡಿಗ್ರಿಯಲ್ಲಿ ಕೆಲಸ ಮಾಡಿದರೆ 40 ಡಿಗ್ರಿಗಳ ಅಂತರಕ್ಕೆ ನಾಲ್ಕು ಬಾರಿ ಇಮ್ಮಡಿ, ಅಂದರೆ 32,000 ಗಂಟೆ. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ನಡೆಯುವ ಕಚೇರಿಯಲ್ಲಿ ಇದು 13 ವರ್ಷಕ್ಕೂ ಮಿಗಿಲು. ಎರಡು ಪಾಳಿಯ ಕಾರ್ಖಾನೆಯಲ್ಲಿ ಆರೂವರೆ ವರ್ಷ. ಹಗಲಿರುಳೂ ಚಾಲೂ ಇರುವ ಯಂತ್ರದಲ್ಲಿ ಮೂರು ವರ್ಷ ಎಂಟು ತಿಂಗಳು ಮಾತ್ರ. ಇನ್ನು ಪ್ಯಾನೆಲ್ಲಿನ ಕೂಲಿಂಗ್ ಫ್ಯಾನ್ ಧೂಳು ಹಿಡಿದು ನಿಂತು, ಒಳಗಿನ ಉಷ್ಣತೆ 75 ಡಿಗ್ರಿಗೆ ಏರಿತೆನ್ನಿ. ಆರೂವರೆ ವರ್ಷ ಬಾಳಬೇಕಾದದ್ದು ಮೂರೂಕಾಲು ವರ್ಷಕ್ಕೆ ಇಳಿಯುತ್ತದೆ. ನೂರಾರು ರೂಪಾಯಿಯ ಫ್ಯಾನನ್ನು ಸಕಾಲದಲ್ಲಿ ಬದಲಿಸದೆ ಲಕ್ಷಾಂತರ ರೂಪಾಯಿಯ ಡ್ರೈವನ್ನು ಕಳೆದುಕೊಳ್ಳುವುದು ಹೀಗೆ.

ಈ ಅಂಕಿಗಳು ಕರಾರುವಾಕ್ಕಾದ ಭವಿಷ್ಯವಾಣಿಯಲ್ಲ. ಆದರೆ ಲೆಕ್ಕಪತ್ರದಲ್ಲಿ ಯಂತ್ರದ ಉಪಯುಕ್ತ ಆಯುಷ್ಯವನ್ನು ಅಂದಾಜು ಮಾಡುವಾಗ ನಾವು ಬಳಸುವ ಅನೇಕ ಅಂಕಿಗಳಿಗಿಂತ ಇವುಗಳ ಬುಡ ಗಟ್ಟಿಯಾಗಿದೆ.

ಒಂದು ದುರಂತ ಅಧ್ಯಾಯ

ಸರಿಯಾಗಿ ತಯಾರಾದ ಕೆಪಾಸಿಟರುಗಳ ಕಥೆ ಇದಾಯಿತು. ಸುಮಾರು 1999ರಿಂದ 2007ರವರೆಗೆ ಜಗತ್ತಿನಾದ್ಯಂತ ಕಂಪ್ಯೂಟರ್ ಮದರ್‌ಬೋರ್ಡುಗಳು, ಪವರ್ ಸಪ್ಲೈಗಳು, ಮಾನಿಟರುಗಳು ಒಂದೆರಡು ವರ್ಷಗಳಲ್ಲಿಯೇ ಸಾಲುಸಾಲಾಗಿ ಕೆಟ್ಟವು. ತೆರೆದು ನೋಡಿದರೆ ಕೆಪಾಸಿಟರುಗಳ ತಲೆ ಉಬ್ಬಿ, ಕಂದು ಬಣ್ಣದ ಕಲ್ಮಶ ಹೊರಬಂದಿರುತ್ತಿತ್ತು. ಇದಕ್ಕೆ ‘ಕೆಪಾಸಿಟರ್ ಪ್ಲೇಗ್’ ಎಂಬ ಹೆಸರೇ ಬಂತು. ಆಂತರಿಕ ರೋಧ ಕಡಿಮೆಯಿರಲೆಂದು ದ್ರವದಲ್ಲಿ ನೀರಿನ ಅಂಶವನ್ನು ಹೆಚ್ಚಿಸಲಾಗಿತ್ತು. ನೀರು ಅಲ್ಯೂಮಿನಿಯಮ್ಮನ್ನು ತಿನ್ನದಂತೆ ತಡೆಯುವ ರಾಸಾಯನಿಕಗಳು ಮಾತ್ರ ಸಾಕಷ್ಟಿರಲಿಲ್ಲ. ಪರಿಣಾಮವಾಗಿ ಒಳಗೆ ಹೈಡ್ರೋಜನ್ ಅನಿಲ ಉತ್ಪತ್ತಿಯಾಗಿ ಡಬ್ಬಿಗಳು ಉಬ್ಬಿದವು. ಜಪಾನಿನಲ್ಲಿ ರೂಪುಗೊಂಡ ಸೂತ್ರವನ್ನು ಯಾರೋ ಕದ್ದು ಒಯ್ದರು, ಹಾಗೆ ಒಯ್ದದ್ದು ಅರ್ಧಂಬರ್ಧವಾಗಿತ್ತು ಎಂಬ ಕಥೆ ಆ ಕಾಲದಲ್ಲಿ ಬಹಳ ಪ್ರಚಾರ ಪಡೆಯಿತಾದರೂ ಅದು ಪೂರ್ಣವಾಗಿ ಸಾಬೀತಾದ ಸಂಗತಿಯಲ್ಲ.

ಕೋಟ್ಯಂತರ ಕಂಪ್ಯೂಟರುಗಳನ್ನು ಮಾರಿದ್ದ ಡೆಲ್ ಕಂಪನಿಯು ತನ್ನ ಆಪ್ಟಿಪ್ಲೆಕ್ಸ್ ಶ್ರೇಣಿಯ ಯಂತ್ರಗಳನ್ನು ಸರಿಪಡಿಸಿಕೊಡುವ ವೆಚ್ಚಕ್ಕಾಗಿ 2005ರಲ್ಲಿ ಒಂದೇ ತ್ರೈಮಾಸಿಕದ ಲೆಕ್ಕದಲ್ಲಿ ಸುಮಾರು 30 ಕೋಟಿ ಡಾಲರುಗಳನ್ನು ಖರ್ಚು ಬರೆಯಬೇಕಾಯಿತು. ಬಿಡಿಯಾಗಿ ನೋಡಿದರೆ ಕೆಲವು ಸೆಂಟುಗಳ ಬೆಲೆಯ ವಸ್ತು. ಒಟ್ಟಾಗಿ ಲಾಭ-ನಷ್ಟ ಪಟ್ಟಿಯನ್ನೇ ಅಲುಗಾಡಿಸಿತು. ಖರೀದಿ ವಿಭಾಗದವರು ಪೈಸೆಗಳ ಉಳಿತಾಯಕ್ಕಾಗಿ ಸರಬರಾಜುದಾರರನ್ನು ಬದಲಿಸುವ ಮುನ್ನ ಈ ಅಂಕಿಯನ್ನು ಒಮ್ಮೆ ನೆನೆಯುವುದು ಒಳಿತು.

ರೋಗಲಕ್ಷಣಗಳು

ಉಬ್ಬಿದ ತಲೆ, ಬುಡದಲ್ಲಿ ಅಂಟಾದ ಕಲೆ, ಸುತ್ತಲಿನ ಬೋರ್ಡಿನ ತಾಮ್ರದ ಗೆರೆಗಳು ಹಸಿರುಗಟ್ಟಿರುವುದು, ಇವು ಕಣ್ಣಿಗೆ ಕಾಣುವ ಗುರುತುಗಳು. ಡಬ್ಬಿಯ ತಲೆಯ ಮೇಲೆ ಕೂಡುಗುರುತಿನ ಅಥವಾ ಇಂಗ್ಲಿಷಿನ ಕೆ ಅಕ್ಷರದ ಆಕಾರದ ಗೀರುಗಳಿರುವುದು ಅಲಂಕಾರಕ್ಕಲ್ಲ. ಒತ್ತಡ ಹೆಚ್ಚಾದಾಗ ಸಿಡಿಯದೆ ಅಲ್ಲಿಂದ ಬಿರಿಯಲೆಂದು. ಆದರೆ ಹೊರನೋಟಕ್ಕೆ ನೆಟ್ಟಗಿರುವ ಕೆಪಾಸಿಟರ್ ಒಳಗೆ ಸಂಪೂರ್ಣ ಆರಿಹೋಗಿರುವುದೂ ಉಂಟು. ಬೆಳಿಗ್ಗೆ ನಾಲ್ಕಾರು ಬಾರಿ ಸ್ವಿಚ್ ಹಾಕಿದ ಮೇಲಷ್ಟೇ ಎಚ್ಚರಗೊಳ್ಳುವ ಯಂತ್ರ, ಬಿಸಿಯಾದ ಮೇಲೆ ಸರಿಹೋಗುವ ಮಾನಿಟರ್, ಮಿಣುಕುತ್ತಲೇ ಇದ್ದು ಚಾಲೂ ಆಗದ ದೀಪ, ಗುಂಯ್‌ಗುಡುವ ಆಂಪ್ಲಿಫೈಯರ್, ಭಾರ ಬಿದ್ದೊಡನೆ ತನ್ನಷ್ಟಕ್ಕೆ ನಿಂತುಹೋಗುವ ಡ್ರೈವ್, ಇವೆಲ್ಲ ಅದರ ಮಾತುಗಳು. ಚಳಿಗಾಲದ ಬೆಳಗುಗಳಲ್ಲಿ ಮಾತ್ರ ತೊಂದರೆ ಕೊಡುವ ಯಂತ್ರವಿದ್ದರೆ ಮೊದಲ ಸಂಶಯ ಕೆಪಾಸಿಟರಿನ ಮೇಲೆಯೇ ಇರಬೇಕು. ತಣ್ಣಗಿರುವಾಗ ದ್ರವದ ವಾಹಕತೆ ತಗ್ಗುತ್ತದೆ.

ಪರೀಕ್ಷೆಯ ವಿಷಯದಲ್ಲಿ ಒಂದು ತಪ್ಪು ಸಾಮಾನ್ಯ. ಸಾಧಾರಣ ಮಲ್ಟಿಮೀಟರಿನಲ್ಲಿ ಮೈಕ್ರೋಫ್ಯಾರಡ್ ಅಳೆದು, ‘ಸರಿಯಾಗಿದೆ’ ಎಂದುಬಿಡುತ್ತಾರೆ. ಮೈಕ್ರೋಫ್ಯಾರಡ್ ಸರಿಯಿದ್ದೂ ಆಂತರಿಕ ರೋಧ ಹತ್ತು ಪಟ್ಟು ಏರಿರಬಹುದು. ಟ್ಯಾಂಕಿನಲ್ಲಿ ನೀರಿದೆ, ಕೊಳವೆ ಕಟ್ಟಿದೆ ಎಂಬ ಸ್ಥಿತಿ. ಇದನ್ನು ಅಳೆಯಲು ಇಎಸ್ಆರ್ ಮೀಟರ್ ಎಂಬ ಪ್ರತ್ಯೇಕ ಉಪಕರಣವಿದೆ. ದುರಸ್ತಿಗಾರನ ಮೇಜಿನ ಮೇಲೆ ಅದು ಇದೆಯೇ ಎಂದು ನೋಡುವುದು ಅವನ ಯೋಗ್ಯತೆಯನ್ನು ಅಳೆಯುವ ಸುಲಭ ವಿಧಾನ.

ಉಬ್ಬಿದ ಕೆಪಾಸಿಟರ್ ಯಾವಾಗಲೂ ರೋಗದ ಮೂಲವಲ್ಲ ಎಂಬುದನ್ನೂ ಮರೆಯುವಂತಿಲ್ಲ. ನಿಂತುಹೋದ ಫ್ಯಾನ್, ಮುಚ್ಚಿಹೋದ ಗಾಳಿಕಿಂಡಿ, ಸುಟ್ಟ ಡಯೋಡ್, ಏರುಪೇರಾಗುವ ಸರಬರಾಜು ಇವುಗಳಿಂದ ಕೆಪಾಸಿಟರ್ ಸತ್ತಿದ್ದರೆ ಹೊಸತೂ ಕೆಲವೇ ತಿಂಗಳಲ್ಲಿ ಅದೇ ದಾರಿ ಹಿಡಿಯುತ್ತದೆ.

ದುರಸ್ತಿಯ ಕ್ರಮ

ಮೊದಲು ಜೀವರಕ್ಷಣೆಯ ಮಾತು. ವಿದ್ಯುತ್ ಕಡಿತಗೊಳಿಸಿದೊಡನೆ ಉಪಕರಣ ನಿರ್ಜೀವವಾಯಿತೆಂದು ತಿಳಿಯುವುದು ಪ್ರಾಣಾಂತಿಕ. 415 ವೋಲ್ಟಿನ ತ್ರಿಫೇಸ್ ಡ್ರೈವಿನೊಳಗಿನ ಕೆಪಾಸಿಟರುಗಳಲ್ಲಿ ಸುಮಾರು 587 ವೋಲ್ಟಿನ ಏಕಮುಖ ವಿದ್ಯುತ್ ಶೇಖರವಾಗಿರುತ್ತದೆ. ಅದು ಇಳಿಯಲು ಇಂತಿಷ್ಟು ನಿಮಿಷ ಕಾಯಬೇಕೆಂದು ಡ್ರೈವಿನ ಮೇಲೆಯೇ ಮುದ್ರಿಸಿರುತ್ತಾರೆ. ಅಷ್ಟು ಕಾದ ನಂತರವೂ ಮೀಟರಿನಿಂದ ಅಳೆದು, ಸೊನ್ನೆಯ ಸಮೀಪ ಬಂದಿದೆಯೆಂದು ಖಚಿತಪಡಿಸಿಕೊಂಡೇ ಕೈ ಹಾಕಬೇಕು. ವಿದ್ಯುತ್ತನ್ನು ಇಳಿಸುವ ರೋಧಕವೇ ಸುಟ್ಟಿದ್ದರೆ ಗಂಟೆಗಟ್ಟಲೆ ಕಾದರೂ ಅಪಾಯ ಹಾಗೆಯೇ ಉಳಿದಿರುತ್ತದೆ. ಸ್ಕ್ರೂಡ್ರೈವರಿನಿಂದ ಎರಡು ತುದಿಗಳನ್ನು ತಾಕಿಸಿ ‘ಖಾಲಿ ಮಾಡುವ’ ಪದ್ಧತಿಯನ್ನು ಯಾವ ಕಾರ್ಖಾನೆಯಲ್ಲೂ ನಡೆಯಗೊಡಬಾರದು. ತರಬೇತಿಯಿಲ್ಲದ ಕೆಲಸಗಾರನನ್ನು ಇಂಥ ಕೆಲಸಕ್ಕೆ ಹಚ್ಚುವ ಮಾಲೀಕನು ಉಳಿಸಿದ್ದು ದುರಸ್ತಿಗಾರನ ಕೂಲಿ. ಒಡ್ಡಿದ್ದು ಮತ್ತೊಬ್ಬನ ಪ್ರಾಣ.

ಬದಲಿಸುವಾಗ ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಬೇಕು. ವೋಲ್ಟ್ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಿರಬಹುದು, ಎಂದಿಗೂ ಕಡಿಮೆಯಿರಬಾರದು. ಧನ-ಋಣ ತುದಿಗಳು ಅದಲುಬದಲಾದರೆ ಕೆಪಾಸಿಟರ್ ಸಿಡಿಯುತ್ತದೆ. ಡಬ್ಬಿಯ ಪಕ್ಕದ ಪಟ್ಟೆ ಋಣ ತುದಿಯನ್ನು ತೋರಿಸುತ್ತದೆ. ಬೋರ್ಡಿನ ಮೇಲಿನ ಗುರುತು ಮಾತ್ರ ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ಕಳಚುವ ಮುನ್ನವೇ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಜಾಣತನ. ವಿದ್ಯುತ್ ಪ್ರವೇಶದ್ವಾರದಲ್ಲಿರುವ, ಎಕ್ಸ್ ಮತ್ತು ವೈ ಎಂದು ಗುರುತಿಸಿದ ಸುರಕ್ಷತಾ ಕೆಪಾಸಿಟರುಗಳ ಜಾಗದಲ್ಲಿ ಅದೇ ವರ್ಗದವನ್ನಲ್ಲದೆ ಬೇರೆಯದನ್ನು ಹಾಕಕೂಡದು. ಹಳೆಯ ಯುರೋಪಿಯನ್ ಉಪಕರಣಗಳಲ್ಲಿ ಈ ಜಾಗದಲ್ಲಿರುವ ಕಾಗದದ ಕೆಪಾಸಿಟರುಗಳು ಬಿರುಕು ಬಿಟ್ಟು ತೇವ ಹೀರಿಕೊಂಡಿರುತ್ತವೆ. ಬಹುಕಾಲದ ನಂತರ ಸ್ವಿಚ್ ಹಾಕಿದಾಗ ಅವು ದಟ್ಟ ಹೊಗೆಯುಗುಳಿ ಕೋಣೆಯಲ್ಲಿದ್ದವರನ್ನು ಓಡಿಸುವುದುಂಟು.

ಒಂದು ಕೆಟ್ಟಿದ್ದರೆ ಒಂದನ್ನೇ ಬದಲಿಸಬೇಕೆ, ಎಲ್ಲವನ್ನೂ ಬದಲಿಸಬೇಕೆ? ದುರಸ್ತಿಗಾರರಲ್ಲಿ ಎರಡು ಪಂಥಗಳಿವೆ. ಕಂಡಕಂಡ ಕೆಪಾಸಿಟರುಗಳನ್ನೆಲ್ಲ ಕಿತ್ತುಹಾಕಿದರೆ ಬೋರ್ಡಿಗೆ, ಅದರಲ್ಲೂ ಹಲವು ಪದರಗಳ ಬೋರ್ಡಿಗೆ, ಬೆಸುಗೆಯ ಬಿಸಿಯಿಂದಲೇ ಹಾನಿಯಾಗಬಹುದು. ಆದರೆ ಒಂದೇ ತಂಡದಲ್ಲಿ ತಯಾರಾಗಿ, ಒಂದೇ ಶಾಖದಲ್ಲಿ ಅಷ್ಟೇ ವರ್ಷ ದುಡಿದ ಆರರ ಪೈಕಿ ಎರಡು ಸತ್ತಿದ್ದರೆ ಉಳಿದ ನಾಲ್ಕರ ಸರದಿ ದೂರವಿಲ್ಲ. ಖರ್ಚಿನಲ್ಲಿ ದೊಡ್ಡ ಪಾಲು ಕಳಚಿ ಜೋಡಿಸುವ ಕೂಲಿಯದ್ದೇ ಆದ್ದರಿಂದ ಆ ಗುಂಪನ್ನು ಪೂರ್ತಿ ಬದಲಿಸುವುದೇ ಲೆಕ್ಕಕ್ಕೆ ಸರಿಹೊಂದುತ್ತದೆ.

ಬಿಡಿಭಾಗದ ಖರೀದಿಯಲ್ಲಿ ಚೌಕಾಸಿಗೆ ಅರ್ಥವಿಲ್ಲ. 85 ಡಿಗ್ರಿಯ 1,000 ಗಂಟೆಯ ಕೆಪಾಸಿಟರ್ 65 ಡಿಗ್ರಿಯಲ್ಲಿ 4,000 ಗಂಟೆ ಬಾಳಿದರೆ, 105 ಡಿಗ್ರಿಯ 2,000 ಗಂಟೆಯದು 32,000 ಗಂಟೆ ಬಾಳುತ್ತದೆ. ಎಂಟು ಪಟ್ಟು ಆಯುಷ್ಯಕ್ಕೆ ಎಂಟು ಪಟ್ಟು ಬೆಲೆಯನ್ನು ಯಾರೂ ಕೇಳುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ಮುಂಬೈಯ ಲ್ಯಾಮಿಂಗ್ಟನ್ ರಸ್ತೆ ಈ ವಸ್ತುಗಳ ಹೆಸರಾಂತ ಪೇಟೆಗಳು. ಎಲ್ಲ ದೊಡ್ಡ ಪೇಟೆಗಳಂತೆ ಇಲ್ಲಿಯೂ ಕೊಳ್ಳುವವನ ಕಣ್ಣು ಚುರುಕಾಗಿರಬೇಕು. ಹಳೆಯ ಬೋರ್ಡಿನಿಂದ ಕಿತ್ತ ಕೆಪಾಸಿಟರಿಗೆ ಹೊಸ ಪ್ಲಾಸ್ಟಿಕ್ ಹೊದಿಕೆ ತೊಡಿಸಿ ಹೊಸದೆಂದು ಮಾರುವ ದಂಧೆ ಜಗತ್ತಿನ ಎಲ್ಲೆಡೆ ಇದೆ. ಕಾಲುಗಳು ಮೊಟಕಾಗಿದ್ದರೆ, ಅವುಗಳ ಮೇಲೆ ಬೆಸುಗೆಯ ಗುರುತಿದ್ದರೆ, ಅಂಥದನ್ನು ಮುಟ್ಟಬಾರದು. ತಯಾರಕರ ಅಧಿಕೃತ ವಿತರಕರಿಂದ ರಸೀದಿಯೊಂದಿಗೆ ಕೊಳ್ಳುವುದು ಲೇಸು. ತೆರಿಗೆಯ ದೃಷ್ಟಿಯಿಂದಲೂ ಆ ರಸೀದಿ ಬೇಕಾಗುತ್ತದೆ.

ದುರಸ್ತಿಯೋ, ಹೊಸದೋ

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಅನೇಕರು ಮೊದಲು ತೆರೆಯುವುದು ಸ್ಥಿರಾಸ್ತಿ ಪಟ್ಟಿಯನ್ನು. ‘ಈ ಯಂತ್ರದ ಪುಸ್ತಕ ಮೌಲ್ಯವೇ ನಾಲ್ಕು ಸಾವಿರ, ಅದಕ್ಕೆ ಆರು ಸಾವಿರ ಖರ್ಚೇ?’ ಎಂಬ ಪ್ರಶ್ನೆ ಕೇಳಲು ಸೊಗಸಾಗಿದೆ, ಆದರೆ ಅದು ತಪ್ಪು ಪ್ರಶ್ನೆ. 50,000 ರೂಪಾಯಿಯ ಕಂಪ್ಯೂಟರಿಗೆ ಆದಾಯ ತೆರಿಗೆಯ ನಿಯಮದಂತೆ ಇಳಿಕೆಯ ಕ್ರಮದಲ್ಲಿ ಶೇಕಡಾ 40ರ ಸವಕಳಿ ಕಳೆದರೆ ಐದು ವರ್ಷಗಳಲ್ಲಿ ಉಳಿಯುವುದು 3,888 ರೂಪಾಯಿ. ಕಂಪನಿಗಳ ಕಾಯಿದೆ, 2013ರ ಎರಡನೆಯ ಅನುಸೂಚಿಯು ಡೆಸ್ಕ್‌ಟಾಪ್, ಲ್ಯಾಪ್‌ಟಾಪುಗಳಿಗೆ ಮೂರು ವರ್ಷ, ಸರ್ವರ್ ಮತ್ತು ನೆಟ್‌ವರ್ಕ್ ಉಪಕರಣಗಳಿಗೆ ಆರು ವರ್ಷದ ಉಪಯುಕ್ತ ಆಯುಷ್ಯವನ್ನು ಸೂಚಿಸುತ್ತದೆ. ಇವು ಕಳೆದುಹೋದ ವೆಚ್ಚವನ್ನು ವರ್ಷಗಳಿಗೆ ಹಂಚುವ ವಿಧಾನಗಳು. ಯಂತ್ರ ನಾಳೆ ದುಡಿಯಬಲ್ಲದೇ ಎಂಬುದರ ಬಗ್ಗೆ ಇವು ಮೌನವಾಗಿವೆ. ನಿರ್ಧಾರಕ್ಕೆ ಬೇಕಾದದ್ದು ಮುಂದಿನ ಖರ್ಚು, ಮುಂದಿನ ಆದಾಯ ಮತ್ತು ಯಂತ್ರ ನಿಂತ ದಿನಗಳ ನಷ್ಟ.

ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಸಣ್ಣ ಘಟಕವೊಂದರ ಯಂತ್ರದ ಡ್ರೈವ್ ನಿಂತಿದೆ. ಹೊಸದಕ್ಕೆ 2,40,000 ರೂಪಾಯಿ. ಬರಲು 36 ಕೆಲಸದ ದಿನಗಳು ಬೇಕು. ಯಂತ್ರ ನಿಂತ ಪ್ರತಿದಿನಕ್ಕೂ 6,000 ರೂಪಾಯಿಯ ವಂತಿಗೆ ಕೈತಪ್ಪುತ್ತದೆ. ಹಾಗಾದರೆ ಹೊಸದನ್ನು ತರಿಸುವ ನಿಜವಾದ ವೆಚ್ಚ 2,40,000ಕ್ಕೆ 2,16,000 ಸೇರಿ 4,56,000 ರೂಪಾಯಿ. ದುರಸ್ತಿಗಾರನು 14,000 ರೂಪಾಯಿಗೆ ಮೂರು ದಿನಗಳಲ್ಲಿ ಕೆಪಾಸಿಟರುಗಳನ್ನು ಬದಲಿಸಿಕೊಡುವುದಾಗಿ ಹೇಳುತ್ತಾನೆ, ಗೆಲ್ಲುವ ಖಾತರಿ ಮಾತ್ರ ಇಲ್ಲ. ಈ ಪ್ರಯತ್ನದ ವೆಚ್ಚ, ಮೂರು ದಿನಗಳ ನಷ್ಟವೂ ಸೇರಿ, 32,000 ರೂಪಾಯಿ. ಹತ್ತರಲ್ಲಿ ಆರು ಪಾಲು ಯಶಸ್ಸಿನ ಸಂಭವವಿದ್ದರೆ, ನಿರೀಕ್ಷಿತ ವೆಚ್ಚವು 32,000ಕ್ಕೆ 4,56,000ದ ಶೇಕಡಾ 40 ಸೇರಿಸಿ 2,14,400 ರೂಪಾಯಿ. ನೇರವಾಗಿ ಹೊಸದನ್ನು ತರಿಸುವ ವೆಚ್ಚದ ಅರ್ಧಕ್ಕಿಂತ ಕಡಿಮೆ. ಇನ್ನೂ ಮುಂದೆ ಹೋದರೆ, ಯಶಸ್ಸಿನ ಸಂಭವ ಶೇಕಡಾ ಏಳರ ಮೇಲಿದ್ದರೆ ಸಾಕು, ದುರಸ್ತಿಯ ಪ್ರಯತ್ನ ಮಾಡಿ ನೋಡುವುದು ಲಾಭದಾಯಕವೇ.

ಲೆಕ್ಕ ಇಷ್ಟೊಂದು ಒಂದು ಕಡೆಗೆ ವಾಲುವುದಕ್ಕೆ ಕಾರಣ ದುರಸ್ತಿ ಅಗ್ಗವೆಂಬುದು ಮಾತ್ರವಲ್ಲ. ನಿಂತ ಯಂತ್ರ ದುಬಾರಿ. ಹೊಸದು ಮರುದಿನವೇ ಅಂಗಡಿಯಲ್ಲಿ ಸಿಗುವ ವಸ್ತುವಾದರೆ ಚಿತ್ರವೇ ಬದಲಾಗುತ್ತದೆ. ದುರಸ್ತಿಯಾದ ಡ್ರೈವ್ ಹೊಸದರಷ್ಟು ಕಾಲ ಬಾಳಲಿಕ್ಕಿಲ್ಲ, ಹೊಸದಕ್ಕಿರುವಷ್ಟು ವಾರಂಟಿ ಅದಕ್ಕಿರುವುದಿಲ್ಲ ಎಂಬುದನ್ನೂ ತಕ್ಕಡಿಗೆ ಹಾಕಬೇಕು. ಹಾಗೆ ಹಾಕಿದಾಗ ಬಹುಪಾಲು ಪ್ರಸಂಗಗಳಲ್ಲಿ ವಿವೇಕದ ದಾರಿಯೆಂದರೆ ಈಗ ದುರಸ್ತಿ ಮಾಡಿಸಿ ಯಂತ್ರವನ್ನು ಓಡಿಸುವುದು, ಹೊಸದರ ಖರೀದಿಯನ್ನು ಸಾವಕಾಶವಾಗಿ, ಸರಿಯಾದ ಬೆಲೆಗೆ, ನಗದು ಅನುಕೂಲವಿದ್ದಾಗ ಮಾಡುವುದು. ಆತುರದಲ್ಲಿ ಕೊಳ್ಳುವವನಿಗೆ ಯಾವ ಮಾರಾಟಗಾರನೂ ರಿಯಾಯಿತಿ ಕೊಡುವುದಿಲ್ಲ.

ದುರಸ್ತಿಯೇ ಬೇಡವೆನ್ನಬೇಕಾದ ಸಂದರ್ಭಗಳೂ ಇವೆ. ಹತ್ತು ವರ್ಷದ ಹಳೆಯ ಕಚೇರಿ ಕಂಪ್ಯೂಟರಿನ ಮದರ್‌ಬೋರ್ಡಿಗೆ ಕೆಪಾಸಿಟರ್ ಹಾಕಿಸಿ ಬದುಕಿಸಬಹುದು. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸ ಆವೃತ್ತಿಯನ್ನು ಹೊರಲಾರದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ, ಜಿಎಸ್‌ಟಿ ವಿವರಪಟ್ಟಿ ಸಲ್ಲಿಕೆ ನಡೆಸುವುದು ಅಪಾಯ. ಅದೇ ಹಳೆಯ ಕಂಪ್ಯೂಟರ್ ಇಂಟರ್‌ನೆಟ್ ಸಂಪರ್ಕವಿಲ್ಲದೆ, ಬೇರೆಲ್ಲೂ ನಡೆಯದ ತಂತ್ರಾಂಶದೊಂದಿಗೆ ಲೇತ್ ಯಂತ್ರವೊಂದನ್ನು ನಡೆಸುತ್ತಿದ್ದರೆ ಅದನ್ನು ಉಳಿಸಿಕೊಳ್ಳಲು ಎಷ್ಟು ಶ್ರಮಪಟ್ಟರೂ ಸಾರ್ಥಕ.

ಲೆಕ್ಕಪತ್ರ ಮತ್ತು ತೆರಿಗೆ

ಕೆಪಾಸಿಟರ್ ಬದಲಾವಣೆಯ ಖರ್ಚು ರಾಜಸ್ವ ವೆಚ್ಚವೇ, ಬಂಡವಾಳ ವೆಚ್ಚವೇ? ಸಾಮಾನ್ಯ ಸಂದರ್ಭಗಳಲ್ಲಿ ಇದು ರಾಜಸ್ವ ವೆಚ್ಚ ಎಂಬುದರಲ್ಲಿ ಸಂದೇಹವಿಲ್ಲ. ಸ್ಥಿರಾಸ್ತಿಗಳಿಗೆ ಸಂಬಂಧಿಸಿದ ಲೆಕ್ಕಪತ್ರ ಮಾನಕ 10ರ ಪ್ರಕಾರ ದೈನಂದಿನ ನಿರ್ವಹಣೆ, ದುರಸ್ತಿಗಳ ವೆಚ್ಚವು ಆಯಾ ವರ್ಷದ ಲಾಭ-ನಷ್ಟ ಲೆಕ್ಕಕ್ಕೆ ಹೋಗತಕ್ಕದ್ದು.

1961ರ ಆದಾಯ ತೆರಿಗೆ ಕಾಯಿದೆಯ 31ನೆಯ ಕಲಮು ಯಂತ್ರೋಪಕರಣಗಳ ‘ಚಾಲ್ತಿ ದುರಸ್ತಿ’ಯ ವೆಚ್ಚವನ್ನು ಕಳೆಯಲು ಅವಕಾಶವಿತ್ತಿತು. ಬಂಡವಾಳ ಸ್ವರೂಪದ ವೆಚ್ಚ ಇದರಲ್ಲಿ ಸೇರದೆಂಬ ವಿವರಣೆ 2004ರ ಏಪ್ರಿಲ್ 1ರಿಂದ ಸೇರ್ಪಡೆಯಾಯಿತು. ಈ ಪದದ ಅರ್ಥವ್ಯಾಪ್ತಿಯನ್ನು ಸುಪ್ರೀಂ ಕೋರ್ಟ್ 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ವಿವರವಾಗಿ ಪರಿಶೀಲಿಸಿತು. ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ಖರ್ಚು ಚಾಲ್ತಿ ದುರಸ್ತಿ. ಹೊಸ ಆಸ್ತಿಯನ್ನು ಅಸ್ತಿತ್ವಕ್ಕೆ ತರುವ ಖರ್ಚು ಹಾಗಲ್ಲ ಎಂಬುದು ಅಲ್ಲಿ ಅನ್ವಯವಾದ ಒರೆಗಲ್ಲು. ನೂಲಿನ ಗಿರಣಿಯಲ್ಲಿ ರಿಂಗ್ ಫ್ರೇಮ್ ತಾನೇ ಒಂದು ಸ್ವತಂತ್ರ ಯಂತ್ರವಾದ್ದರಿಂದ ಅದನ್ನು ಪೂರ್ತಿ ಬದಲಿಸಿದ್ದು ಚಾಲ್ತಿ ದುರಸ್ತಿಯಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತು. ಈ ಒರೆಗಲ್ಲಿಗೆ ಹಚ್ಚಿದರೆ ಬೋರ್ಡಿನ ಕೆಪಾಸಿಟರ್ ಬದಲಿಸುವುದು ನಿರ್ವಿವಾದವಾಗಿ ದುರಸ್ತಿ. ಯಂತ್ರದ ಭಾಗವಾದ ಬೋರ್ಡನ್ನೇ ಬದಲಿಸುವುದೂ ಸಾಮಾನ್ಯವಾಗಿ ದುರಸ್ತಿಯೇ. ಆದರೆ ಸ್ವತಂತ್ರವಾಗಿ ಕೆಲಸ ಮಾಡುವ ಯುಪಿಎಸ್ಸನ್ನು ಅಥವಾ ಕಂಪ್ಯೂಟರನ್ನು ತೆಗೆದು ಹೊಸದಿಟ್ಟು, ಅದನ್ನು ‘ಕಾರ್ಖಾನೆಯ ದುರಸ್ತಿ’ ಎಂದು ಬರೆದರೆ ಪ್ರಶ್ನೆ ಏಳುವುದು ಖಂಡಿತ. 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ 2025ರ ಹೊಸ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆಯೇ ಹೊರತು ಚಾಲ್ತಿ ದುರಸ್ತಿಗೂ ಬಂಡವಾಳ ವೆಚ್ಚಕ್ಕೂ ಇರುವ ಈ ಗಡಿರೇಖೆ ಅಳಿಸಿಲ್ಲ.

ಬಿಲ್ಲಿನ ಒಕ್ಕಣೆಯೂ ಮುಖ್ಯ. ‘ಯಂತ್ರದ ನವೀಕರಣ, 14,000’ ಎಂಬ ಒಂದೇ ಸಾಲಿನ ಬಿಲ್ಲು ಮೂರು ವರ್ಷಗಳ ನಂತರ ಪರಿಶೀಲನೆಗೆ ಬಂದಾಗ ಯಾರಿಗೂ ಏನೂ ಹೇಳುವುದಿಲ್ಲ. ಯಾವ ಯಂತ್ರ, ಅದರ ಕ್ರಮಸಂಖ್ಯೆ ಏನು, ಎಷ್ಟು ಕೆಪಾಸಿಟರ್ ಬದಲಿಸಿದೆ, ಕೂಲಿ ಎಷ್ಟು ಎಂಬ ವಿವರವಿದ್ದರೆ ವಿವಾದಕ್ಕೆ ಎಡೆಯೇ ಇರುವುದಿಲ್ಲ. ದುರಸ್ತಿ ಸೇವೆಗೆ ಸಾಮಾನ್ಯವಾಗಿ ಶೇಕಡಾ 18ರ ಜಿಎಸ್‌ಟಿ ಇದೆ. ಸಾಧಾರಣ ನೋಂದಣಿಯುಳ್ಳವರು ಹೂಡುವಳಿ ತೆರಿಗೆಯ ಜಮೆ ಪಡೆಯಬಹುದು, ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಅದು ಲಭ್ಯವಿಲ್ಲ. ಉಪಕರಣವನ್ನು ದುರಸ್ತಿಗೆ ಹೊರಗೆ ಕಳುಹಿಸುವಾಗ ಅದು ಮಾರಾಟವಲ್ಲದಿದ್ದರೂ ಡೆಲಿವರಿ ಚಲನ್ ಇರಲೇಬೇಕು. ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಸಹ ಬೇಕು. ದುರಸ್ತಿಗೆ ಹೊರಟ ಡ್ರೈವ್ ದಾರಿಯಲ್ಲಿ ತಡೆಹಿಡಿಯಲ್ಪಟ್ಟರೆ ಮೂರು ದಿನಗಳ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ವಾರ್ಷಿಕ ನಿರ್ವಹಣಾ ಒಪ್ಪಂದ ಮಾಡಿಕೊಂಡಿರುವವರು ಅದರ ಸಣ್ಣಕ್ಷರಗಳನ್ನು ಒಮ್ಮೆ ಓದಬೇಕು. ಬ್ಯಾಟರಿ, ಫ್ಯಾನ್, ಕೆಪಾಸಿಟರುಗಳನ್ನು ‘ಸವೆಯುವ ವಸ್ತುಗಳು’ ಎಂದು ಹೊರಗಿಟ್ಟಿರುವ ಒಪ್ಪಂದಗಳು ಕಡಿಮೆಯೇನಿಲ್ಲ. ಕೆಡುವುದೇ ಈ ಮೂರು ಎಂದ ಮೇಲೆ ಒಪ್ಪಂದದ ಹಣ ಯಾವುದಕ್ಕೆ ಎಂದು ನವೀಕರಣದ ಸಮಯದಲ್ಲಿಯಾದರೂ ಕೇಳಬೇಕಲ್ಲವೆ?

ದಾಸ್ತಾನಿನಲ್ಲಿರುವವು

ಕಡೆಯದಾಗಿ, ಮುನ್ನೆಚ್ಚರಿಕೆಯುಳ್ಳ ಉದ್ದಿಮೆದಾರರೇ ಬೀಳುವ ಒಂದು ಹಳ್ಳದ ಬಗ್ಗೆ ಹೇಳಬೇಕು. ಮುಖ್ಯ ಯಂತ್ರಕ್ಕೆ ಹೆಚ್ಚುವರಿ ಡ್ರೈವ್ ಒಂದನ್ನು ಕೊಂಡು ಉಗ್ರಾಣದಲ್ಲಿಟ್ಟು ನಿಶ್ಚಿಂತರಾಗಿರುತ್ತಾರೆ. ಐದು ವರ್ಷಗಳ ನಂತರ ಅಗತ್ಯ ಬಿದ್ದಾಗ ತಂದು ಜೋಡಿಸಿ ಸ್ವಿಚ್ ಹಾಕಿದೊಡನೆ ಅದೂ ಸಿಡಿಯುತ್ತದೆ. ವಿದ್ಯುತ್ ಹರಿಯದೆ ಬಿದ್ದಿರುವ ಕೆಪಾಸಿಟರಿನಲ್ಲಿ ಆಕ್ಸೈಡ್ ಪದರ ಕ್ರಮೇಣ ದುರ್ಬಲವಾಗುತ್ತದೆ. ಅಂಥದಕ್ಕೆ ಏಕಾಏಕಿ ಪೂರ್ಣ ವೋಲ್ಟೇಜು ಕೊಟ್ಟರೆ ಸೋರಿಕೆ ಪ್ರವಾಹ ಮಿತಿಮೀರಿ ಹರಿಯುತ್ತದೆ. ಆದ್ದರಿಂದಲೇ ಡ್ರೈವ್ ತಯಾರಕರು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಳಸದೆ ಇಟ್ಟವನ್ನು ಬಳಸುವ ಮುನ್ನ ವೋಲ್ಟೇಜನ್ನು ಮೆಲ್ಲಮೆಲ್ಲನೆ ಏರಿಸುತ್ತ ಕೆಪಾಸಿಟರುಗಳನ್ನು ಮತ್ತೆ ಹದಕ್ಕೆ ತರಬೇಕೆಂದು ಕೈಪಿಡಿಗಳಲ್ಲಿ ಬರೆದಿರುತ್ತಾರೆ. ಈ ಕ್ರಿಯೆಗೆ ಪೇಟೆಯ ಭಾಷೆಯಲ್ಲಿ ರಿಫಾರ್ಮಿಂಗ್ ಎನ್ನುತ್ತಾರೆ. ವರ್ಷಕ್ಕೊಮ್ಮೆ, ದಾಸ್ತಾನು ಪರಿಶೀಲನೆಯ ಸಮಯದಲ್ಲಿ ಉಗ್ರಾಣದ ಪ್ರತಿಯೊಂದು ಡ್ರೈವಿಗೂ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ವಿದ್ಯುತ್ ಕೊಟ್ಟು, ದಿನಾಂಕವನ್ನು ಅದರ ಮೇಲೆಯೇ ಚೀಟಿಯಂಟಿಸಿ ಬರೆದಿಡುವುದು ಕಷ್ಟದ ಕೆಲಸವಲ್ಲ. ಬಿಡಿ ಕೆಪಾಸಿಟರುಗಳನ್ನು ಅಗ್ಗವೆಂದು ನೂರುಗಟ್ಟಲೆ ಕೊಂಡಿಡುವುದೂ ಇದೇ ಕಾರಣಕ್ಕೆ ಸಲ್ಲ.

ದುರಸ್ತಿಗೆ ಒಗ್ಗದೆ ಉಳಿದ ಉಪಕರಣಗಳನ್ನು ತೂಕಕ್ಕೆ ಗುಜರಿಯವನಿಗೆ ಹಾಕುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ, ಆರ್ಥಿಕ ವರ್ಷದ ಯಾವುದೇ ಸಮಯದಲ್ಲಿ ಅನುಸೂಚಿಯಲ್ಲಿನ ಸಾವಿರ ಅಥವಾ ಅದಕ್ಕೂ ಹೆಚ್ಚು ಉಪಕರಣಗಳನ್ನು ಬಳಸಿದ ಸಂಸ್ಥೆ ‘ಬೃಹತ್ ಬಳಕೆದಾರ’ ಎನಿಸಿಕೊಳ್ಳುತ್ತದೆ. ತನ್ನ ಇ-ತ್ಯಾಜ್ಯವನ್ನು ಅದು ನೋಂದಾಯಿತ ಉತ್ಪಾದಕರು, ಪುನರ್ನವೀಕರಣಗಾರರು ಅಥವಾ ಮರುಬಳಕೆದಾರರಿಗೇ ಒಪ್ಪಿಸಬೇಕು. ತನ್ನದೇ ಯಂತ್ರವನ್ನು ತನ್ನದೇ ಬಳಕೆಗೆ ದುರಸ್ತಿ ಮಾಡಿಸಿಕೊಳ್ಳುವವರು ಇದರಿಂದ ಪುನರ್ನವೀಕರಣಗಾರರಾಗುವುದಿಲ್ಲ. ಹಳೆಯ ಉಪಕರಣಗಳನ್ನು ಕೊಂಡು, ಕೆಪಾಸಿಟರ್ ಬದಲಿಸಿ, ಮಾರುಕಟ್ಟೆಯಲ್ಲಿ ಮಾರುವ ವ್ಯವಹಾರಕ್ಕೆ ಇಳಿಯುವವರು ಮಾತ್ರ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ನೋಂದಣಿ ಮಾಡಿಸಿಕೊಂಡೇ ಅಂಗಡಿ ತೆರೆಯಬೇಕು.